ಅಲೋಶಿಯಸ್ ಚಾಪೆಲ್ ನೋಡಲು ಹೊರಟವರಿಗೆ: ಚಿತ್ರಗಳನ್ನು ಓದುವ ಕ್ರಮ

"ಮಂಗಳೂರಿಗೆ ಹೋದಾಗ ಅಲೋಶಿಯಸ್ ಚಾಪೆಲ್ ನೋಡಿದೆವು. ತುಂಬಾ ಚೆನ್ನಾಗಿದೆ. ಆದರೆ ಏನು ನೋಡಿದೆವು ಅಂತ ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ." ಓದುಗರಿಂದ ನನಗೆ ಬರುವ ಪತ್ರಗಳಲ್ಲಿ ಈ ಮಾತು ತಪ್ಪುವುದಿಲ್ಲ. ಅಲೋಶಿಯಸ್ ಕಾಲೇಜಿನ ಈ ಪ್ರಾರ್ಥನಾಮಂದಿರದ ಗೋಡೆ, ಮುಚ್ಚಿಗೆಗಳ ತುಂಬ ಚಿತ್ರಗಳು. ಅದರ ಬೆನ್ನಿಗೇ ಇನ್ನೂ ಮೂರು ಪ್ರಶ್ನೆ: ಎಲ್ಲಿಂದ ನೋಡಲು ಶುರುಮಾಡಬೇಕು? ಆ ಚಿತ್ರಗಳಲ್ಲಿರುವವರು ಯಾರು? ಕಂಬಗಳ ಮೇಲಿರುವುದು ಕೆತ್ತನೆಯೋ ಬಣ್ಣವೋ? ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ.

ತೊಂದರೆ ಇರುವುದು ನೋಡುವವರ ತಿಳಿವಳಿಕೆಯಲ್ಲಲ್ಲ, ನೋಡುವ ಕ್ರಮದಲ್ಲಿ. ಬಾಗಿಲು ದಾಟಿದ ಕೂಡಲೇ ನೂರಾರು ಮುಖಗಳು ಒಟ್ಟಿಗೇ ಮೈಮೇಲೆ ಬಂದಂತಾಗುತ್ತದೆ. ಕತ್ತೆತ್ತಿ ಒಂದು ಸುತ್ತು ಹಾಕಿ, ಹತ್ತು ನಿಮಿಷದಲ್ಲಿ ಹೊರಬೀಳುತ್ತೇವೆ. ಕೈಯಲ್ಲಿ ಒಂದು ಗಂಟೆ ಇಟ್ಟುಕೊಂಡು, ಸಾಲು ಹಿಡಿದು ಓದಿದರೆ ಗೋಡೆಗಳು ಬಾಯಿ ಬಿಡುತ್ತವೆ.

ಮೊದಲು ಏನೇನು ಬೇಕು

ಒಂದು ಚಿಕ್ಕ ದುರ್ಬೀನು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಗೈಯಗಲದ ಕನ್ನಡಿ ಸಾಕು. ಬೆಂಚಿನಲ್ಲಿ ಕುಳಿತು ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡರೆ ಮುಚ್ಚಿಗೆಯ ಚಿತ್ರ ಕತ್ತುನೋವಿಲ್ಲದೆ ಕೆಳಗೇ ಕಾಣುತ್ತದೆ. ಎಡಬಲ ಅದಲುಬದಲಾಗುತ್ತದೆ, ಅಷ್ಟೇ.

ಇದು ಪ್ರದರ್ಶನಾಲಯವಲ್ಲ, ಪೂಜೆ ನಡೆಯುವ ಜಾಗ ಎನ್ನುವುದೂ ನೆನಪಿರಲಿ. ಬಲಿಪೂಜೆಯ, ಅಂದರೆ ಕ್ರೈಸ್ತರು 'ಮಾಸ್' ಎನ್ನುವ ಪೂಜೆಯ ಹೊತ್ತಿನಲ್ಲಿ ಓಡಾಡಿ ಚಿತ್ರ ನೋಡುವಂತಿಲ್ಲ. ಮದುವೆ, ಕಾಲೇಜಿನ ಪ್ರಾರ್ಥನಾಕೂಟ ಇದ್ದರೂ ಹಾಗೆಯೇ. ಹೊರಡುವ ಮೊದಲು ಆ ದಿನದ ಸಮಯವನ್ನು ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಫೋಟೋ ತೆಗೆಯುವ ಆಸೆಯಿದ್ದರೆ ಬಾಗಿಲಲ್ಲಿರುವವರನ್ನು ಕೇಳಿ. ಬೇಡ ಅಂದರೆ ಚರ್ಚೆಗಿಳಿಯಬೇಡಿ, ಮೊಬೈಲ್ ಕಿಸೆಗೆ ಹಾಕಿ. ನಿಜ ಹೇಳಬೇಕೆಂದರೆ ಮೊಬೈಲ್ ಒಳಗಿದ್ದಾಗಲೇ ಕಣ್ಣು ಚೆನ್ನಾಗಿ ಕೆಲಸ ಮಾಡುತ್ತದೆ.

ಹಂತ 1: ಗುಡ್ಡ ಹತ್ತುವಾಗ ನಾಲ್ಕು ಇಸವಿ ನೆನಪಿಟ್ಟುಕೊಳ್ಳಿ

ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ರಸ್ತೆ ಹಿಡಿದರೆ ಏರು ನಡಿಗೆ. ಊರವರಿಗೆ ಇದು ಬಾವುಟಗುಡ್ಡೆ. ಏರುವಾಗ ನೆನಪಿಗೆ ತಂದುಕೊಳ್ಳಬೇಕಾದ ಇಸವಿಗಳು ಇವು.

1568. ಪೋರ್ಚುಗೀಸರ ಕಾಲದಲ್ಲಿ ಮಂಗಳೂರಿನ ಬಂದರಿನ ಹತ್ತಿರ ರೊಸಾರಿಯೊ ಇಗರ್ಜಿ ನೆಲೆಗೊಂಡದ್ದು. ಇಗರ್ಜಿ ಎಂದರೆ ಚರ್ಚ್; ಪೋರ್ಚುಗೀಸಿನಿಂದ ಕೊಂಕಣಿಗೆ, ಅಲ್ಲಿಂದ ನಮ್ಮ ಕರಾವಳಿಯ ಕನ್ನಡಕ್ಕೆ ಬಂದ ಮಾತು.

1784. ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು. ಆಗ ಈ ಸೀಮೆಯ ಹೆಚ್ಚಿನ ಇಗರ್ಜಿಗಳು ನೆಲಸಮವಾದವು. 1680ರಲ್ಲಿ ಶುರುವಾಗಿದ್ದ ಮಿಲಾಗ್ರಿಸ್ ಕೂಡ ಉಳಿಯಲಿಲ್ಲ. ಮಂಗಳೂರಿನಲ್ಲಿ ಇಂದು ಕಾಣುವ ಇಗರ್ಜಿ ಕಟ್ಟಡಗಳಲ್ಲಿ ಪೋರ್ಚುಗೀಸ್ ಕಾಲದ ಗೋಡೆ ಹುಡುಕಿ ನಿರಾಶರಾಗುವವರು ಈ ಇಸವಿಯನ್ನು ಮರೆತಿರುತ್ತಾರೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಊರಿಗೆ ಮರಳಿ ಎಲ್ಲವನ್ನೂ ಮತ್ತೆ ಕಟ್ಟಿಕೊಂಡರು.

1878. ಮಂಗಳೂರಿನ ಧರ್ಮಕಾರ್ಯದ ಹೊಣೆ ಕಾರ್ಮೆಲೈಟರೆಂಬ ಸಂನ್ಯಾಸಿ ಸಂಘದವರಿಂದ ಜೆಜ್ವಿಟರಿಗೆ ಬಂದದ್ದು. ಜೆಜ್ವಿಟರೆಂದರೆ ಯೇಸು ಸಭೆ ಎಂಬ ಇನ್ನೊಂದು ಸಂನ್ಯಾಸಿ ಸಂಘದವರು. ಇಗ್ನೇಷಿಯಸ್ ಲೊಯೋಲಾ ಕಟ್ಟಿದ ಈ ಸಂಘಕ್ಕೆ 1540ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತ್ತು. ಮಂಗಳೂರಿಗೆ ಬಂದವರು ಇಟಲಿಯ ಜೆಜ್ವಿಟರು. 1880ರಲ್ಲಿ ಅವರು ಕಾಲೇಜು ತೆರೆದರು. ಚಾಪೆಲ್ ಕಟ್ಟಡ ಎದ್ದದ್ದು ಅದಾದ ಕೆಲವು ವರ್ಷಗಳಲ್ಲಿ.

1899. ಇಟಲಿಯ ಒಬ್ಬ ಚಿತ್ರಕಾರ ಕುಂಚ ಹಿಡಿದು ಈ ಚಾಪೆಲ್ ಒಳಗೆ ನಿಂತದ್ದು. 1901ರ ಹೊತ್ತಿಗೆ ಕೆಲಸ ಮುಗಿಯಿತು.

*ಎಡವುವ ಜಾಗ:* "1880ರ ಚಿತ್ರಗಳು" ಎಂದು ಬರೆಯುವವರು ಬಹಳ. 1880 ಕಾಲೇಜಿನ ಇಸವಿ. ಚಿತ್ರಗಳು ಬರುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಇತ್ತು. ಚಾಪೆಲ್ ಎದ್ದ ಮೇಲೂ ಅಲ್ಲಿಯವರೆಗೆ ಅದರ ಗೋಡೆಗಳು ಈ ಚಿತ್ರಗಳಿಲ್ಲದೆಯೇ ಇದ್ದವು.

ಇನ್ನೊಂದು ತಪ್ಪು, ಇದನ್ನು ಊರಿನ ಇಗರ್ಜಿ ಎಂದುಕೊಳ್ಳುವುದು. ಚಾಪೆಲ್ ಎಂದರೆ ಒಂದು ಸಂಸ್ಥೆಗೆ ಸೇರಿದ ಪ್ರಾರ್ಥನಾಮಂದಿರ. ಮಿಲಾಗ್ರಿಸ್, ರೊಸಾರಿಯೊಗಳಿಗೆ ಇರುವಂತೆ ಇದಕ್ಕೆ ತನ್ನದೇ ಆದ ಧರ್ಮಕೇಂದ್ರದ ಒಕ್ಕಲು, ಅಂದರೆ ಅದಕ್ಕೆ ಸೇರಿದ ಊರಿನ ಕುಟುಂಬಗಳು ಇಲ್ಲ. ಇದು ಮಕ್ಕಳಿಗಾಗಿ, ಅಂದರೆ ವಿದ್ಯಾರ್ಥಿಗಳಿಗಾಗಿ ಕಟ್ಟಿದ್ದು. ಚಿತ್ರಗಳ ಆಯ್ಕೆ ಅರ್ಥವಾಗಬೇಕಾದರೆ ಈ ಒಂದು ಸಂಗತಿ ಬೇಕೇ ಬೇಕು.

ಹಂತ 2: ಒಳಗೆ ಹೋಗಿ, ಕುಳಿತುಕೊಳ್ಳಿ

ನಿಂತಲ್ಲಿಂದಲೇ ನೋಡಲು ಶುರುಮಾಡಬೇಡಿ. ನಡುಭಾಗದ ಒಂದು ಬೆಂಚಿನಲ್ಲಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಒಳಗಿನ ಮಬ್ಬು ಹೊಂದಬೇಕು. ಆ ಐದು ನಿಮಿಷದಲ್ಲಿ ಕಂದು, ಕೆಂಪು, ಹಳದಿ ಮಣ್ಣಿನ ಬಣ್ಣಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ.

ಹಂತ 3: ಗಾರೆ ಯಾವುದು, ಬಟ್ಟೆ ಯಾವುದು, ಬೇರೆ ಮಾಡಿ

ನನಗೆ ಎಲ್ಲಕ್ಕಿಂತ ಇಷ್ಟದ ಹಂತ ಇದು. ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ.

ಇಲ್ಲಿರುವುದು ಒಂದೇ ಬಗೆಯ ಚಿತ್ರವಲ್ಲ, ಎರಡು ಬಗೆ. ಚಿತ್ರಗಳ ಒಟ್ಟು ಹರವು ಸುಮಾರು 830 ಚದರ ಮೀಟರ್. ಅದರಲ್ಲಿ ಸುಮಾರು 600 ಚದರ ಮೀಟರ್ ಫ್ರೆಸ್ಕೊ. ಉಳಿದದ್ದು ಕ್ಯಾನ್ವಾಸ್ ಬಟ್ಟೆಯ ಮೇಲಿನ ತೈಲವರ್ಣ.

ಫ್ರೆಸ್ಕೊ ಎಂದರೆ ಇಟಾಲಿಯನ್ ಭಾಷೆಯಲ್ಲಿ 'ತಾಜಾ'. ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ಅದರ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವ ವಿಧಾನ. ಅಂಟು ಇಲ್ಲ, ಎಣ್ಣೆ ಇಲ್ಲ. ಹಾಗಾದರೆ ಬಣ್ಣ ನಿಲ್ಲುವುದು ಹೇಗೆ? ಗಾರೆ ಒಣಗುತ್ತಾ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಹಾಗಾಗುವಾಗ ಬಣ್ಣದ ಕಣಗಳು ಅದರೊಳಗೇ ಸಿಕ್ಕಿಹಾಕಿಕೊಳ್ಳುತ್ತವೆ. ಬಣ್ಣ ಗೋಡೆಯ ಮೇಲಿರುವುದಿಲ್ಲ, ಗೋಡೆಯೊಳಗೇ ಇರುತ್ತದೆ. ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಕಂಡಿರುವ ಕರಾವಳಿಯ ಹಿರಿಯರಿಗೆ ಇದರ ಅರ್ಧ ಕತೆ ಆಗಲೇ ಗೊತ್ತು.

ಈ ವಿಧಾನದಲ್ಲಿ ಎರಡು ಕಟ್ಟುಪಾಡು. ಒಂದು, ಸುಣ್ಣದ ಖಾರಕ್ಕೆ ಕೆಡದ ಬಣ್ಣಗಳೇ ಬೇಕು. ಮಣ್ಣಿನ ಬಣ್ಣಗಳು ಅದಕ್ಕೆ ಹೇಳಿಮಾಡಿಸಿದಂಥವು. ಎರಡು, ಒಂದು ದಿನದಲ್ಲಿ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಮೆತ್ತಬೇಕು. ಆ ದಿನದ ಪಾಲಿಗೆ ಇಟಲಿಯವರು 'ಜೊರ್ನಾತಾ' ಎನ್ನುತ್ತಾರೆ, ಅಂದರೆ ಒಂದು ದಿನದ ಕೆಲಸ. ಗಾರೆ ಒಣಗಿದ ಮೇಲೆ ತಪ್ಪು ಕಂಡರೆ ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. ಒರೆಸಿ ತಿದ್ದುವ ಮಾತೇ ಇಲ್ಲ.

ಎರಡನ್ನೂ ಗುರುತಿಸುವುದು ಹೇಗೆ? ಬೆಂಚಿನಿಂದ ಎದ್ದು ಕಿಟಕಿಯ ಬೆಳಕು ಓರೆಯಾಗಿ ಬೀಳುವ ಕಡೆ ನಿಲ್ಲಿ. ತೈಲವರ್ಣ ಬೆಳಕಿಗೆ ಸ್ವಲ್ಪ ಮಿನುಗುತ್ತದೆ. ಅದರ ಕಪ್ಪು ಆಳವಾಗಿರುತ್ತದೆ, ನೆರಳಿನೊಳಗೆ ಇನ್ನೊಂದು ನೆರಳು ಕಾಣುತ್ತದೆ. ಫ್ರೆಸ್ಕೊ ಮಿನುಗುವುದಿಲ್ಲ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ ಮಂಕಾದ, ಒಣಗಿದ ಕಾಂತಿ ಅದರದ್ದು.

*ಎಡವುವ ಜಾಗ:* "ಒಳಗಿರುವುದೆಲ್ಲ ಫ್ರೆಸ್ಕೊ" ಎಂದು ಮಾರ್ಗದರ್ಶಕರೂ ಹೇಳಿಬಿಡುತ್ತಾರೆ. ಅಲ್ಲ. ಇನ್ನು ಮುಟ್ಟಿ ನೋಡಿ ತಿಳಿಯುತ್ತೇನೆ ಅನ್ನುವವರಿಗೆ: ದಯವಿಟ್ಟು ಬೇಡ. ಕೈಯ ಬೆವರು, ಎಣ್ಣೆ ಎರಡೂ ಬಣ್ಣಕ್ಕೆ ಶತ್ರು. ಮೊದಲೇ ಇದು ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಗೋಡೆ ತೇವ ಎಳೆದುಕೊಂಡರೆ ಒಳಗಿನ ಉಪ್ಪು ಮೇಲೆದ್ದು ಬಣ್ಣವನ್ನು ಹಪ್ಪಳೆಯಂತೆ ಎಬ್ಬಿಸುತ್ತದೆ. ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್, ಅಂದರೆ ಕಲೆ ಮತ್ತು ಪರಂಪರೆ ಉಳಿಸುವ ರಾಷ್ಟ್ರೀಯ ಸಂಸ್ಥೆ, ಇಲ್ಲಿನ ಚಿತ್ರಗಳ ಸಂರಕ್ಷಣೆ ಕೈಗೊಳ್ಳಬೇಕಾಗಿ ಬಂತು. ಸಂರಕ್ಷಣೆ ಎಂದರೆ ಹೊಸ ಬಣ್ಣ ಬಳಿಯುವುದಲ್ಲ. ಕೊಳೆ ತೆಗೆದು, ಎದ್ದ ಪದರವನ್ನು ಮತ್ತೆ ಕೂರಿಸಿ, ಇರುವುದನ್ನು ಇರುವಂತೆ ಉಳಿಸಿಕೊಳ್ಳುವುದು.

ಹಂತ 4: ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ

ಕಂಬ, ಕಮಾನಿನ ಅಂಚು, ಚೌಕಟ್ಟು, ಹೂಬಳ್ಳಿ ಇವೆಲ್ಲ ಕೆತ್ತಿದ್ದೋ ಬರೆದದ್ದೋ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಉಬ್ಬಿದಂತೆ ಕಾಣುವ ಒಂದು ಅಂಚನ್ನು ಆರಿಸಿಕೊಳ್ಳಿ. ಕಣ್ಣು ಅಲ್ಲೇ ಇಟ್ಟು ಎರಡು ಹೆಜ್ಜೆ ಎಡಕ್ಕೆ, ಮತ್ತೆ ಎರಡು ಹೆಜ್ಜೆ ಬಲಕ್ಕೆ ಸರಿಯಿರಿ. ನಿಜವಾದ ಕೆತ್ತನೆಯಾದರೆ ಒಂದು ಬದಿ ಮರೆಯಾಗಿ ಇನ್ನೊಂದು ಬದಿ ತೆರೆದುಕೊಳ್ಳಬೇಕು. ಹಾಗಾಗದೆ ಎಲ್ಲ ಇದ್ದಲ್ಲೇ ಇದ್ದರೆ ಅದು ಬಣ್ಣ. ಚಪ್ಪಟೆ ಗೋಡೆಯ ಮೇಲೆ ಒಂದು ಬದಿಗೆ ತಿಳಿಗೆರೆ, ಇನ್ನೊಂದು ಬದಿಗೆ ಕಪ್ಪುಗೆರೆ ಎಳೆದು ಉಬ್ಬು ಬರಿಸುವ ಈ ಕಣ್ಕಟ್ಟು ಯುರೋಪಿನ ಚಿತ್ರಕಾರರ ಹಳೆಯ ಕಸುಬು.

ನನ್ನ ಜೊತೆ ಒಮ್ಮೆ ಬಂದಿದ್ದ ಬಡಗಿ ಗೆಳೆಯರೊಬ್ಬರು ಒಪ್ಪಲೇ ಇಲ್ಲ. ಮೂರು ಸಲ ಆಚೀಚೆ ನಡೆದು, ಕೊನೆಗೆ "ನಮ್ಮ ಹೊಟ್ಟೆಗೆ ಹೊಡೆದನಲ್ಲ ಪುಣ್ಯಾತ್ಮ" ಅಂದರು.

ಹಂತ 5: ಬರೆದವರ ಹೆಸರು ಸರಿಯಾಗಿ ತಿಳಿದುಕೊಳ್ಳಿ

ಅಂತೋನಿಯೊ ಮೊಸ್ಕೆನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಹತ್ತಿರದ ಸ್ತೆತ್ಸಾನೊದಲ್ಲಿ ಹುಟ್ಟಿದವರು. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತವರು. ಯೇಸು ಸಭೆ ಸೇರಿದ್ದು 1889ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ. ಅಂದರೆ ಚಿತ್ರಕಾರ ಸಂನ್ಯಾಸಿಯಾದದ್ದು, ಸಂನ್ಯಾಸಿ ಚಿತ್ರಕಾರನಾದದ್ದಲ್ಲ. ಮಂಗಳೂರಿಗೆ ಬಂದದ್ದು 1898ರಲ್ಲಿ.

*ಎಡವುವ ಜಾಗ:* "ಫಾದರ್ ಮೊಸ್ಕೆನಿ" ಎನ್ನಬೇಡಿ. ಅವರು ಬ್ರದರ್. ಬ್ರದರ್ ಎಂದರೆ ವ್ರತ ತೊಟ್ಟು ಸಂಘದಲ್ಲಿದ್ದರೂ ಗುರುದೀಕ್ಷೆ ಪಡೆಯದ, ಬಲಿಪೂಜೆ ಅರ್ಪಿಸದ ಸಹೋದರ. ಅಡುಗೆ, ತೋಟ, ಮರಗೆಲಸದಂಥ ಕೈಕೆಲಸಗಳು ಹೆಚ್ಚಾಗಿ ಇಂಥವರ ಪಾಲಿಗೆ ಬರುತ್ತಿದ್ದವು. ಇವರ ಪಾಲಿಗೆ ಕುಂಚ ಬಂತು.

ಇನ್ನೊಂದು ಮಾತು. ಈ ಚಾಪೆಲನ್ನು "ಭಾರತದ ಸಿಸ್ಟೀನ್ ಚಾಪೆಲ್" ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ನನಗೆ ಒಪ್ಪಿಗೆಯಿಲ್ಲ. ವ್ಯಾಟಿಕನ್ನಿನ ಆ ಮುಚ್ಚಿಗೆಯನ್ನು ಮೈಕೆಲೇಂಜೆಲೊ ಬರೆದದ್ದು 1508ರಿಂದ 1512ರವರೆಗೆ. ಅಲ್ಲಿನ ವಿಷಯ ಸೃಷ್ಟಿಯ ಕತೆ, ಆದಾಮ, ನೋಹ. ಅದು ಪೋಪರ ಸ್ವಂತ ಪ್ರಾರ್ಥನಾಮಂದಿರ. ಇಲ್ಲಿನದು 19ನೆಯ ಶತಮಾನದ ಕಲಾಶಾಲೆಗಳ ಶೈಲಿ: ಅಚ್ಚುಕಟ್ಟಾದ ಮುಖಗಳು, ಸ್ಪಷ್ಟವಾದ ಕತೆ, ಹಿಂದಿನ ಬೆಂಚಿನ ಹುಡುಗನಿಗೂ ಅರ್ಥವಾಗಬೇಕೆಂಬ ಕಾಳಜಿ. ಮೈಕೆಲೇಂಜೆಲೊನನ್ನು ಹುಡುಕಿಕೊಂಡು ಬಂದವರಿಗೆ ಮೊಸ್ಕೆನಿ ಕಾಣಿಸುವುದಿಲ್ಲ.

ಹಂತ 6: ಬಲಿಪೀಠದ ಮೇಲಿನಿಂದ ಕತೆ ಹಿಡಿಯಿರಿ

ಈಗ ಕತೆಯ ನಾಯಕ ಯಾರೆಂದು ತಿಳಿಯಬೇಕು. ಅಲೋಶಿಯಸ್ ಗೊನ್ಸಾಗಾ ಹುಟ್ಟಿದ್ದು 1568ರಲ್ಲಿ. ಹೌದು, ಕೆಳಗೆ ಬಂದರಿನಲ್ಲಿ ರೊಸಾರಿಯೊ ಶುರುವಾದ ವರ್ಷವೇ. ಇಟಲಿಯ ಕಸ್ತಿಲ್ಯೋನೆ ಸೀಮೆಯ ಒಡೆಯನ ಹಿರಿಯ ಮಗ. ಪಟ್ಟ ಅವನಿಗೇ ಬರಬೇಕಿತ್ತು. 1580ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಕಾರ್ಡಿನಲ್ ಚಾರ್ಲ್ಸ್ ಬೊರೊಮೆಯೊ ಕೈಯಿಂದ ಪ್ರಥಮ ಪರಮಪ್ರಸಾದ ಪಡೆದ. ಕಾರ್ಡಿನಲ್ ಎಂದರೆ ಪೋಪರ ನಂತರದ ಹಿರಿಯ ಧರ್ಮಾಧಿಕಾರಿ; ಪರಮಪ್ರಸಾದ ಎಂದರೆ ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ. 1585ರಲ್ಲಿ ಪಟ್ಟದ ಹಕ್ಕನ್ನು ತಮ್ಮ ರೊಡಾಲ್ಫೊಗೆ ಬರೆದುಕೊಟ್ಟು ರೋಮಿಗೆ ಹೋಗಿ ಜೆಜ್ವಿಟರನ್ನು ಸೇರಿದ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಹೊತ್ತು ತಂದು ಶುಶ್ರೂಷೆ ಮಾಡಿದ. ಅದೇ ರೋಗ ತಗುಲಿ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ 23 ವರ್ಷ. 1726ರಲ್ಲಿ ಸಂತನೆಂದು ಘೋಷಿಸಿದರು; ಮುಂದೆ ಯುವಕರ, ವಿದ್ಯಾರ್ಥಿಗಳ ಪಾಲಕ ಸಂತನೆಂದೂ ಹೆಸರಾದ. ಕಾಲೇಜಿಗೆ ಅವನ ಹೆಸರೇ ಯಾಕೆ ಎನ್ನುವುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಬಲಿಪೀಠದ ಮೇಲ್ಭಾಗದ ದೊಡ್ಡ ಚಿತ್ರಗಳಲ್ಲಿ ಈ ಘಟನೆಗಳನ್ನು ಒಂದೊಂದಾಗಿ ಹುಡುಕಿ. ಕೆಂಪು ನಿಲುವಂಗಿಯವರ ಮುಂದೆ ಮಂಡಿಯೂರಿದ ಹುಡುಗ ಕಂಡರೆ ಅದು ಪ್ರಥಮ ಪರಮಪ್ರಸಾದ. ಕೆಂಪು ಕಾರ್ಡಿನಲ್ಲರ ಗುರುತು. ನೆಲದ ಮೇಲೆ ನಿತ್ರಾಣವಾಗಿ ಬಿದ್ದವರ ನಡುವೆ ಬಾಗಿದ ತರುಣ ಕಂಡರೆ ಅದು ರೋಮಿನ ಪ್ಲೇಗು. ಅಲೋಶಿಯಸ್‌ನನ್ನು ಗುರುತಿಸಲು ಸೂತ್ರ: ಗಡ್ಡವಿಲ್ಲದ ಎಳೆಯ ಮುಖ, ಸಭೆ ಸೇರಿದ ಮೇಲಿನ ಚಿತ್ರವಾದರೆ ಕಪ್ಪು ನಿಲುವಂಗಿ, ಅದರ ಮೇಲೆ ಬಿಳಿಯ ಗಿಡ್ಡ ಅಂಗಿ. ಕತ್ತೋಲಿಕ ಕಲೆಯಲ್ಲಿ ಅವನ ಕೈಗೆ ಶಿಲುಬೆ, ಪಕ್ಕಕ್ಕೆ ಲಿಲ್ಲಿ ಹೂ, ಕಾಲಬಳಿ ಕೆಳಗಿಳಿಸಿದ ಕಿರೀಟ ಇಡುವುದು ವಾಡಿಕೆ. ಕಿರೀಟ ತಲೆಯ ಮೇಲಲ್ಲ, ಕೆಳಗೆ. ಬಿಟ್ಟುಕೊಟ್ಟ ಪಟ್ಟ ಅದು.

*ಎಡವುವ ಜಾಗ:* ಕಪ್ಪು ನಿಲುವಂಗಿಯವರೆಲ್ಲ ಅಲೋಶಿಯಸ್ ಅಲ್ಲ, ಜೆಜ್ವಿಟ್ ಸಂತರೆಲ್ಲರಿಗೂ ಅದೇ ಉಡುಗೆ. ಗೋವೆಯ ನಂಟಿರುವ ಫ್ರಾನ್ಸಿಸ್ ಕ್ಸೇವಿಯರ್ ಎಂದುಕೊಳ್ಳುವವರು ಬಹಳ. ಅವರಿಗೆ ಸಾಮಾನ್ಯವಾಗಿ ಗಡ್ಡ ಇರುತ್ತದೆ.

ಹಂತ 7: ಮೇಲೆ ನೋಡಿ, ಆಮೇಲೆ ಪಕ್ಕಕ್ಕೆ

ಈಗ ಕನ್ನಡಿ ತೆಗೆಯಿರಿ. ಮುಚ್ಚಿಗೆಯ ನಟ್ಟನಡುವಿನ ಸಾಲು ಅಲೋಶಿಯಸ್‌ನ ಬಾಳಿನದ್ದೇ. ಬಲಿಪೀಠದ ಚಿತ್ರಗಳಲ್ಲಿ ಮುಖ ಪರಿಚಯವಾಗಿದ್ದರೆ ಇಲ್ಲಿ ಅವನನ್ನು ಸುಲಭವಾಗಿ ಹಿಡಿಯಬಹುದು.

ಇಳಿಜಾರಿನ ಭಾಗಗಳಲ್ಲಿರುವವರು ಪ್ರೇಷಿತರು, ಅಂದರೆ ಯೇಸುವಿನ ಹನ್ನೆರಡು ಮಂದಿ ಶಿಷ್ಯರ ಬಳಗ. ಮುಖ ನೋಡಿ ಹೆಸರು ಹೇಳಲಾಗದು, ಕೈಯಲ್ಲಿರುವುದನ್ನು ನೋಡಬೇಕು. ನಮ್ಮ ದೇವಸ್ಥಾನಗಳಲ್ಲಿ ಶಂಖಚಕ್ರ ಕಂಡು ವಿಷ್ಣು ಎನ್ನುವಂತೆಯೇ. ಕೀಲಿಕೈ ಪೇತ್ರನದು. ಗುಣಾಕಾರದ ಗುರುತಿನಂಥ ಓರೆ ಶಿಲುಬೆ ಅಂದ್ರೆಯನದು. ಚೂರಿ ಬಾರ್ತಲೊಮೆಯನದು, ಅವನ ಚರ್ಮ ಸುಲಿದು ಕೊಂದರೆಂಬ ಐತಿಹ್ಯಕ್ಕೆ. ಯಾತ್ರಿಕನ ಕೋಲು ಹಿರಿಯ ಯಾಕೋಬನದು. ಈಟಿ ಅಥವಾ ಮೂಲೆಮಟ್ಟ ಇದ್ದರೆ ತೋಮ, ನಮ್ಮ ಪಶ್ಚಿಮ ಕರಾವಳಿಗೆ ಬಂದನೆಂದು ಕೇರಳದ ಕ್ರೈಸ್ತರು ನಂಬುವ ಆ ತೋಮನೇ. ಕತ್ತಿ ಹಿಡಿದವನು ಪೌಲ. ಹನ್ನೆರಡರಲ್ಲಿ ಇಲ್ಲದವನು, ಆದರೂ ಪ್ರೇಷಿತರ ಸಾಲಿನಲ್ಲೇ ಅವನನ್ನು ನಿಲ್ಲಿಸುವುದುಂಟು. ಎಲ್ಲರನ್ನೂ ಒಂದೇ ಭೇಟಿಯಲ್ಲಿ ಗುರುತಿಸುವ ಹಟ ಬೇಡ. ನಾಲ್ವರು ಸಿಕ್ಕರೆ ಸಾಕು.

ಗೋಡೆಯ ಕಮಾನುಗಳಲ್ಲಿ ಸಂತರಿದ್ದಾರೆ. ಗೋಡೆಗಳಲ್ಲಿ ಯೇಸುವಿನ ಜೀವನ ಇದೆ: ಜನನ, ಜೋರ್ಡಾನ್ ನದಿಯಲ್ಲಿ ದೀಕ್ಷಾಸ್ನಾನ, ನೀರು ದ್ರಾಕ್ಷಾರಸವಾದ ಕಾನಾ ಊರಿನ ಮದುವೆ, ಶಿಲುಬೆಯ ಮರಣ. ಇವು ಹೆಚ್ಚಿನವರಿಗೆ ಗೊತ್ತಿರುವ ಕತೆಗಳು, ವಿವರಿಸಬೇಕಿಲ್ಲ.

ಕೊನೆಗೆ ಬಲಿಪೀಠಕ್ಕೆ ಬೆನ್ನು ಮಾಡಿ ಹಿಂದಿನ ಗೋಡೆ ನೋಡಿ. ಬಹಳ ಜನ ಹೊರಗೆ ಹೋಗುವ ಅವಸರದಲ್ಲಿ ಇದನ್ನು ನೋಡುವುದೇ ಇಲ್ಲ. ಅಲ್ಲಿರುವುದು ಮಕ್ಕಳ ಗೆಳೆಯನಾಗಿ ಯೇಸು. ಪ್ರಾರ್ಥನೆ ಮುಗಿಸಿ ತರಗತಿಗೆ ಹೊರಟ ಹುಡುಗರ ಕಣ್ಣಿಗೆ ಕೊನೆಗೆ ಬೀಳಬೇಕಾದ ಚಿತ್ರ ಯಾವುದೆಂದು ಯೋಚಿಸಿದವರು ಇದನ್ನೇ ಅಲ್ಲಿಟ್ಟಿದ್ದಾರೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಅಲಂಕಾರದ ನಡುವೆ 'ಐ ಎಚ್ ಎಸ್' ಎಂಬ ಮೂರು ರೋಮನ್ ಅಕ್ಷರ ಕಂಡರೆ ಅದು ಜೆಜ್ವಿಟರ ಮುದ್ರೆ. ಗ್ರೀಕ್ ಭಾಷೆಯಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರಗಳು ಅವು. ಕೆಳಗೆ ಮೂರು ಮೊಳೆ, ಸುತ್ತ ಸೂರ್ಯನ ಕಿರಣ ಇರುವುದೂ ಉಂಟು.

ಹಂತ 8: ಇನ್ನೂ ಸಮಯ ಇದ್ದರೆ

ಅದೇ ಆವರಣದಲ್ಲಿ ಅಲೋಶಿಯಂ ಎಂಬ ವಸ್ತುಸಂಗ್ರಹಾಲಯ ಇದೆ. 1913ರಲ್ಲಿ ಫಾದರ್ ಕಿಯಾಪ್ಪಿ ಶುರುಮಾಡಿದ್ದು. ಚಾಪೆಲ್ ನೋಡಿದ ದಣಿವಿನಲ್ಲೇ ಅಲ್ಲಿಗೆ ಹೋಗಬೇಡಿ, ಎರಡೂ ಕಲಸುಮೇಲೋಗರವಾಗುತ್ತವೆ.

ಗುಡ್ಡ ಇಳಿದರೆ ಹಂಪನಕಟ್ಟೆಯಲ್ಲೇ ಮಿಲಾಗ್ರಿಸ್, ಅಲ್ಲಿಂದ ಬಂದರಿನ ಕಡೆಗೆ ರೊಸಾರಿಯೊ. ಎರಡೂ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಹೊಸದಾಗಿ ಎದ್ದ ಕಟ್ಟಡಗಳು. ರೊಸಾರಿಯೊದ ಗುಮ್ಮಟ ಹೊರಗಿನಿಂದಲೇ ಕಾಣುತ್ತದೆ. ಅಲ್ಲಿ ಕಟ್ಟಡವನ್ನು ನೋಡಿ, ಚಿತ್ರಗಳನ್ನು ಹುಡುಕಬೇಡಿ.

ಮೊಸ್ಕೆನಿಯವರನ್ನೇ ಮುಂದಕ್ಕೆ ಹಿಂಬಾಲಿಸುವ ಆಸೆ ಇದ್ದವರಿಗೆ ಜೆಪ್ಪುವಿನ ಸಂತ ಜೋಸೆಫ್ ಸೆಮಿನರಿಯ ಚಾಪೆಲ್ ಇದೆ. ಸೆಮಿನರಿ ಎಂದರೆ ಗುರುಗಳಾಗಲಿರುವವರ ವಿದ್ಯಾಲಯ. ಮೊದಲೇ ಅನುಮತಿ ಕೇಳದೆ ಹೋದರೆ ಗೇಟಿನಿಂದಲೇ ಮರಳಬೇಕಾದೀತು. ಮುಂಬೈಯ ಹೋಲಿ ನೇಮ್ ಕೆಥೆಡ್ರಲ್ಲಿನಲ್ಲೂ ಅವರ ಚಿತ್ರಗಳಿವೆ. ಕೊನೆಯ ಕೆಲಸ ಇನ್ನೊಂದು ಬಂದರಿನಲ್ಲಿ, ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಸ್‌ನಲ್ಲಿ. ಅಲ್ಲಿನ ಅಲಂಕಾರಕ್ಕೆ ಮಂಗಳೂರಿನ ಶಿಷ್ಯ ದ ಗಾಮಾ ಜೊತೆಗಿದ್ದರು. 1905ರ ನವೆಂಬರಿನಲ್ಲಿ ಆ ಇಗರ್ಜಿಯ ಪ್ರತಿಷ್ಠಾಪನೆ ನಡೆಯಿತು. ಅದಕ್ಕೆ ಕೆಲವೇ ದಿನ ಮೊದಲು ಮೊಸ್ಕೆನಿ ಅಲ್ಲೇ ತೀರಿಕೊಂಡಿದ್ದರು. ಕೊಚ್ಚಿಗೆ ಹೋದಾಗ ಅಲ್ಲಿನ ಕೊನೆಯ ಭೋಜನದ ಚಿತ್ರದ ಮುಂದೆ ನಿಂತು ಮೂರನೆಯ ಹಂತದ ಪರೀಕ್ಷೆ ಮಾಡಿ ನೋಡಿ: ಮಿನುಗುತ್ತದೆಯೋ ಇಲ್ಲವೋ?